ಸಕ್ಕರೆ ಆನೆಗೆ ಸೊಂಡಿಲು ಉಳಿಯಬೇಕಾದರೆ

ಹಿಂದಿನ ರಾತ್ರಿಯೇ ಅಚ್ಚುಗಳು ನೀರಿಗೆ ಬೀಳಬೇಕು. ರಾತ್ರಿಯೆಲ್ಲ ನೆನೆದು ಹೊಟ್ಟೆ ತುಂಬ ನೀರು ಕುಡಿದ ಮರ ಮಾತ್ರ ಬೆಳಿಗ್ಗೆ ಸಕ್ಕರೆಯನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಒಣಮರ ಪಾಕವನ್ನೇ ಹೀರಿ ಕಚ್ಚಿಕೊಂಡರೆ ಮುಗಿಯಿತು, ಬಿಡಿಸುವಾಗ ಆನೆ ಒಂದು ಕಡೆ, ಸೊಂಡಿಲು ಇನ್ನೊಂದು ಕಡೆ. ಸಂಕ್ರಾಂತಿ ಪಂಚಾಂಗಕ್ಕೆ ಬರುವುದು ಜನವರಿ 14ಕ್ಕೋ 15ಕ್ಕೋ. ಹಳೆ ಮೈಸೂರು ಕಡೆಯ ಅಡುಗೆಮನೆಗಳಿಗೆ ಅದು ಹತ್ತು ಹದಿನೈದು ದಿನ ಮೊದಲೇ ಬಂದಿರುತ್ತದೆ.

ಸಕ್ಕರೆ ಅಚ್ಚಿನ ಸಲಕರಣೆ ಬಹಳ ಸರಳ. ತೇಗದಂಥ ಗಟ್ಟಿಮರದ ಎರಡು ಹೋಳು, ಒಳಮೈಯಲ್ಲಿ ಹಳ್ಳವಾಗಿ ಕೊರೆದ ಅರ್ಧರ್ಧ ಆಕಾರ. ಎರಡನ್ನೂ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದರೆ ಒಳಗೊಂದು ಪೊಳ್ಳು ನವಿಲು, ಗಿಳಿ, ಮೀನು, ಬಾಳೆಗೊನೆ, ತುಳಸಿಕಟ್ಟೆ, ಮಂಟಪ, ತೇರು. ಹೊಯ್ಯುವುದು ಬುಡದ ಕಡೆಯಿಂದ, ಅಂದರೆ ಪ್ರಾಣಿಗಳೆಲ್ಲ ಹುಟ್ಟುವುದು ತಲೆಕೆಳಗಾಗಿ. ಎಲ್ಲ ಆಕಾರಗಳೂ ಇದ್ದ ಮನೆ ಬೀದಿಗೆ ಒಂದಿದ್ದರೆ ಹೆಚ್ಚು. ಹಾಗಾಗಿ ಅಚ್ಚಿನ ಪೆಟ್ಟಿಗೆ ಇವತ್ತು ಈ ಮನೆ, ನಾಳೆ ಆ ಮನೆ ಎಂದು ಓಡಾಡುತ್ತಿತ್ತು. ಅದರ ಜತೆಗೆ ಪಾಕದ ಹದ ಬಲ್ಲ ಅಜ್ಜಿಯೋ ಅತ್ತೆಯೋ ಕೂಡ ಮನೆಯಿಂದ ಮನೆಗೆ ಹೋಗಿ ಕೂರುತ್ತಿದ್ದರು. ಮರದ ತುಂಡಿಗಿಂತ ಹೆಚ್ಚಾಗಿ ಎರವಲು ಬೇಕಾಗುತ್ತಿದ್ದುದು ಅವರ ಕಣ್ಣು.

ಯಾಕೆಂದರೆ ಇಲ್ಲಿ ಇರುವುದೇ ಒಂದು ಪದಾರ್ಥ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಒಲೆಗಿಡಬೇಕು. ಕುದಿ ಬಂದಾಗ ಒಂದೆರಡು ಚಮಚ ಹಾಲು. ಹಾಲು ಒಡೆಯುತ್ತ ಸಕ್ಕರೆಯೊಳಗಿನ ಕಸವನ್ನೆಲ್ಲ ತಬ್ಬಿಕೊಂಡು ಬೂದುಬಣ್ಣದ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ತೆಳುಬಟ್ಟೆಯಲ್ಲಿ ಸೋಸಿಕೊಂಡರೆ ಕನ್ನಡಿಯಂಥ ಪಾಕ. ಈಗಿನ ಸಕ್ಕರೆಯಲ್ಲಿ ಅಷ್ಟೇನೂ ಕಸವಿರುವುದಿಲ್ಲ. ಆದರೂ ಹಾಲು ಹಾಕದೆ ಅಚ್ಚು ಹಾಕಲು ಕೈ ಬರುವುದಿಲ್ಲ ಎನ್ನುವವರೇ ಹೆಚ್ಚು.

ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ. ಪಾಕವನ್ನು ಒಟ್ಟಿಗೆ ಕಾಯಿಸುವಂತಿಲ್ಲ. ಒಂದೆರಡು ಅಚ್ಚಿಗೆ ಆಗುವಷ್ಟನ್ನು ಪುಟ್ಟ ಪಾತ್ರೆಗೆ ಬಗ್ಗಿಸಿಕೊಂಡು, ಕೆದಕುತ್ತಲೇ ಕಾಯಿಸಬೇಕು. ನೋಡನೋಡುತ್ತ ತಿಳಿ ಪಾಕ ಮಬ್ಬಾಗುತ್ತದೆ, ಮಬ್ಬು ಹಾಲಿನ ಬಿಳುಪಿಗೆ ತಿರುಗುತ್ತದೆ. ಆ ಗಳಿಗೆಗೇ ಅಚ್ಚಿಗೆ ಹೊಯ್ಯಬೇಕು. ಮೊದಲೇ ಹೊಯ್ದರೆ ಗಟ್ಟಿಯಾಗದೆ ಸಂದಿಯಿಂದ ಸೋರುತ್ತದೆ, ನಾಲ್ಕು ಮಾತಾಡಿ ಹೊಯ್ಯೋಣವೆಂದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ವಿಜ್ಞಾನ ಹೇಳುವುದೂ ಇದನ್ನೇ: ನೀರು ಹಿಡಿದಿಟ್ಟುಕೊಳ್ಳಲಾರದಷ್ಟು ಸಕ್ಕರೆ ಪಾಕದಲ್ಲಿದ್ದಾಗ ಸೌಟಿನ ಒಂದೊಂದು ಸುತ್ತಿಗೂ ಸಾವಿರಾರು ಸಣ್ಣ ಹರಳುಗಳು ಹುಟ್ಟುತ್ತವೆ. ಹರಳು ಸಣ್ಣದಾದಷ್ಟೂ ಅಚ್ಚು ನುಣುಪು. ಮೈಸೂರು ಪಾಕು ಮಾಡುವಾಗಿನ ಎಳೆ ನೋಡುವ ಲೆಕ್ಕ ಇಲ್ಲಿ ಅರ್ಧ ದಾರಿಗಷ್ಟೇ ಆಗಿಬರುತ್ತದೆ. ನಿಂಬೆರಸವಂತೂ ಹತ್ತಿರ ಸುಳಿಯಬಾರದು. ಜಾಮೂನಿನ ಪಾಕ ಹರಳುಗಟ್ಟದಂತೆ ತಡೆಯುವ ಹುಳಿ, ಹರಳುಗಟ್ಟುವುದನ್ನೇ ನಂಬಿರುವ ಅಚ್ಚಿಗೆ ಶತ್ರು.

ಐದಾರು ನಿಮಿಷಕ್ಕೆ ರಬ್ಬರ್ ಬ್ಯಾಂಡ್ ಬಿಚ್ಚಿ, ಉಸಿರು ಬಿಗಿಹಿಡಿದು ಹೋಳು ಬೇರ್ಪಡಿಸುವುದು. ಮುರಿದದ್ದು ಮತ್ತೆ ಪಾತ್ರೆಗೆ. ಹೀಗೆ ಎರಡು ಮೂರು ಜನ್ಮ ಎತ್ತಿ ಕೊನೆಗೆ ಕುದುರೆಯಾದ ಆನೆಗಳೂ ಉಂಟು.

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಕೃಷ್ಣರಾಜಸಾಗರದ ನೀರಿನಿಂದ ಕಬ್ಬು ಹಬ್ಬಿದ ಆ ನಾಡಿನಲ್ಲೂ ಬಿಳಿ ಸಕ್ಕರೆ ಬಹುಕಾಲ ಕೈಬಿಗಿದು ಬಳಸುವ ವಸ್ತುವೇ ಆಗಿತ್ತು. ರೇಷನ್ ಕಾರ್ಡಿನಲ್ಲಿ ಅಳೆದು ಸಿಗುತ್ತಿದ್ದ ಕಾಲದಲ್ಲಿ ಅಂಗೈಯಗಲದ ಬಿಳಿ ತೇರೊಂದನ್ನು ಪಕ್ಕದ ಮನೆಗೆ ಕೊಡುವುದೆಂದರೆ ಸಣ್ಣ ಮಾತಲ್ಲ.

ಅಚ್ಚಿನ ಜೋಡಿಗೆ ಎಳ್ಳುಬೆಲ್ಲ. ಅದರ ಹೆಸರು ಎರಡು ಪದಾರ್ಥಕ್ಕೆ ನಿಂತರೂ ಡಬ್ಬಿಯಲ್ಲಿರುವುದು ಐದು: ಬಿಳಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ. ತಿಪಟೂರಿನ ಗಿಟಕು ಕೊಬ್ಬರಿ ತಂದು, ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಬೇಕು. ಅಚ್ಚುಬೆಲ್ಲವನ್ನು ಕಡಲೆಬೀಜದ ಗಾತ್ರಕ್ಕೆ ಕತ್ತರಿಸಬೇಕು. ಅಂಗೈಯಲ್ಲಿ ಗುಳ್ಳೆ ಏಳುವುದು ಈ ಹಂತದಲ್ಲೇ. ಆಮೇಲೆ ಮಹಡಿಯ ಬಿಸಿಲಿನಲ್ಲಿ ಒಣಗಿಸಬೇಕು. ತೇವ ಉಳಿದರೆ ಬೆಲ್ಲ ನೀರೊಡೆದು ಎಲ್ಲ ಮುದ್ದೆ. ಕಾಗೆ ಕಾಯುವ ಕೆಲಸ ಮಕ್ಕಳಿಗೆ. ಕಾಗೆ ತಿಂದದ್ದೆಷ್ಟು, ಕಾಯುವವರು ತಿಂದದ್ದೆಷ್ಟು ಎಂಬ ಲೆಕ್ಕವನ್ನು ಯಾವ ಮನೆಯವರೂ ಇಟ್ಟಂತಿಲ್ಲ.

ಉತ್ತರ ಕರ್ನಾಟಕದ ಕಡೆ ಹಟ ಇನ್ನೂ ದೊಡ್ಡದು. ಅಲ್ಲಿ ಸಂಕ್ರಮಣಕ್ಕೆ ಕುಸುರೆಳ್ಳು. ಸಣ್ಣ ಕಾವಿನ ಮೇಲೆ ಅಗಲ ಪಾತ್ರೆ, ಅದರಲ್ಲಿ ಒಂದಿಷ್ಟು ಎಳ್ಳು, ಮೇಲೆ ಅರ್ಧ ಚಮಚ ಪಾಕ. ಬೆರಳ ತುದಿಯಿಂದ ಆಡಿಸುತ್ತ ಆರಿದ ಮೇಲೆ ಮತ್ತೆ ಅರ್ಧ ಚಮಚ. ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಇದೇ ಕೆಲಸ. ಚಳಿಯ ಒಣಹವೆ ಕೈಕೊಡದಿದ್ದರೆ ಪ್ರತಿ ಎಳ್ಳಿನ ಮೈಮೇಲೂ ಸಕ್ಕರೆಯ ಸಣ್ಣ ಮುಳ್ಳು ಮೂಡುತ್ತದೆ. ನಾಜೂಕು ಕೆಲಸಕ್ಕೆ ಕುಸುರಿ ಎನ್ನುವ ಭಾಷೆಯಲ್ಲಿ ಈ ತಿನಿಸಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಇದನ್ನೇ ದಾರಕ್ಕೆ ಪೋಣಿಸಿ ಹಾರ, ಬಳೆ ಮಾಡಿ ಪುಟ್ಟ ಮಕ್ಕಳಿಗೆ ತೊಡಿಸುವುದೂ ಉಂಟು. ತೊಟ್ಟವರು ಒಡವೆಯನ್ನೇ ನೆಕ್ಕುತ್ತ ಕೂರುತ್ತಾರೆ.

ಇಷ್ಟೆಲ್ಲ ಯಾಕೆ, ಬೆಂಗಳೂರಿನ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಹೋದರೆ ಎಲ್ಲವೂ ಪೊಟ್ಟಣದಲ್ಲೇ ಸಿಗುತ್ತದಲ್ಲ? ಸಿಗುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಅಂಗಡಿ ಎಳ್ಳು ತಂದವರನ್ನು ಆಡಿಕೊಳ್ಳುವುದು ನ್ಯಾಯವೂ ಅಲ್ಲ. ಎಷ್ಟೋ ಮನೆಗಳಲ್ಲಿ ಈಗ ನಡೆಯುವುದು ನಡುದಾರಿಯ ಒಪ್ಪಂದ: ಎಳ್ಳು ಅಂಗಡಿಯದು, ಅಚ್ಚು ಮನೆಯದು. ಮರದ ಬದಲು ನೆನೆಸುವ ತಾಪತ್ರಯವಿಲ್ಲದ ಸಿಲಿಕೋನ್ ಅಚ್ಚುಗಳೂ ಬಂದಿವೆ. ವಿದೇಶಕ್ಕೆ ಹೊರಟ ಸೂಟ್‌ಕೇಸಿಗೆ ಅವು ಹಗುರ. ಕಳೆದುಕೊಂಡದ್ದೇನಾದರೂ ಇದ್ದರೆ ಅದು ಸಂಜೆಯ ಪತ್ತೇದಾರಿಕೆ. ಹೊಸ ಲಂಗ ತೊಟ್ಟ ಹುಡುಗಿಯರು ಎಳ್ಳು ಬೀರಿ ಹೋದ ಮೇಲೆ ದೊಡ್ಡವರು ಒಂದೊಂದೇ ಪೊಟ್ಟಣ ಬಿಚ್ಚುತ್ತಿದ್ದರು. ಬೆಲ್ಲ ಇಷ್ಟು ದಪ್ಪವಿದ್ದರೆ ಮೂಲೆಮನೆಯವರದು, ಕೊಬ್ಬರಿಯ ಸಿಪ್ಪೆ ಉಳಿದಿದ್ದರೆ ಎದುರುಮನೆಯವರದು, ಹುರಿಗಡಲೆಯೇ ಜಾಸ್ತಿ ಕಂಡರೆ ಯಾರದೆಂದು ಹೇಳುವುದೇ ಬೇಡ. ಪೊಟ್ಟಣದ ಬೆಲ್ಲವೆಲ್ಲ ಈಗ ಅಳತೆ ಹಿಡಿದು ಕೊಯ್ದಂತೆ ಒಂದೇ ಸಮ. ಯಾರ ಮನೆಯದೆಂದು ಪತ್ತೆಯಾಗುವುದಿಲ್ಲ.

ಬೀರುವ ಕೆಲಸ ರಥಸಪ್ತಮಿಯವರೆಗೂ ನಡೆಯುತ್ತದೆ. ಅಷ್ಟರಲ್ಲಿ ತೊಳೆದ ಅಚ್ಚುಗಳು ನೆರಳಲ್ಲಿ ಒಣಗಿ, ಹಳೆ ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿರುತ್ತವೆ. ಡಬ್ಬಿಯ ತಳದಲ್ಲಿ ಉಳಿದ ಕಿವಿ, ಬಾಲ, ಗೋಪುರದ ಕಳಶಗಳು ಒಂದೊಂದಾಗಿ ಬೆಳಗಿನ ಕಾಫಿಗೆ ಬೀಳುತ್ತವೆ.