ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಪ್ರಯೋಗಾಲಯ

ರೋಗಕ್ಕಿಂತಲೂ ಅದರ ವರದಿಗಾಗಿ ಕಾಯುವುದೇ ಹೆಚ್ಚು ಸಂಕಟವೆಂಬುದನ್ನು 2020ರಲ್ಲಿ ನಾವೆಲ್ಲರೂ ಅನುಭವಿಸಿದೆವು. ಆ ವರ್ಷದ ಮಾರ್ಚ್ ಕೊನೆಯಲ್ಲೇ ಕೋವಿಡ್ ನಮ್ಮ ತುಮಕೂರು ಜಿಲ್ಲೆಯಲ್ಲಿ ಜೀವಹಾನಿ ಮಾಡಿತ್ತು. ಏಪ್ರಿಲ್ 12ರ ಪಾಸ್ಕ ಹಬ್ಬದಂದು ದೇವಾಲಯಗಳ ಬಾಗಿಲು ಮುಚ್ಚಿದ್ದವು. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಗಂಟಲುದ್ರವ ಕೊಟ್ಟು ಬಂದವರ ಮನೆಯವರಿಗೆಲ್ಲ ವರದಿಯದೇ ಚಿಂತೆ.

ಈ ವಿಳಂಬಕ್ಕೆ ಕಾರಣವಿತ್ತು. ಕೊರೊನಾ ವೈರಾಣುವಿನ ಗುರುತು ಇರುವುದು ಅದರ ಆರ್‌ಎನ್‌ಎ ಎಂಬ ಎಳೆಯಲ್ಲಿ. ಈ ಎಳೆ ಬಲು ನಾಜೂಕು. ನಮ್ಮ ಬೆರಳ ತುದಿಯಲ್ಲಿರುವ ಕಿಣ್ವವೂ ಅದನ್ನು ತುಂಡರಿಸಬಲ್ಲದು. ಆದುದರಿಂದ ಮಾದರಿಯನ್ನು ತಂಪಿನಲ್ಲಿರಿಸಿ ದೊಡ್ಡ ಪ್ರಯೋಗಾಲಯಕ್ಕೆ ಸಾಗಿಸಬೇಕಾಗಿತ್ತು. ಅಲ್ಲಿ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲು ಮಾಡುತ್ತಾರೆ. ಹೀಗೆ ನಕಲು ಮಾಡುವ ಕಿಣ್ವವನ್ನು 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತ್ಯೇಕವಾಗಿ ಕಂಡುಹಿಡಿದರು. 1975ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಬಳಿಕ ಆ ನಕಲು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. 30 ಸುತ್ತುಗಳಲ್ಲಿ ಒಂದೇ ಎಳೆ 100 ಕೋಟಿಯನ್ನು ಮೀರುತ್ತದೆ. ಆಗ ಹೊಮ್ಮುವ ಬೆಳಕನ್ನು ಯಂತ್ರ ಗುರುತಿಸುತ್ತದೆ.

ಇಷ್ಟೆಲ್ಲವನ್ನೂ ಸಣ್ಣ ಆಸ್ಪತ್ರೆಯ ಮೇಜಿನ ಮೇಲೆ ತರಲು ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಟ್ಟವರು ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆಯ ಚಂದ್ರಶೇಖರ ನಾಯರ್ ಮತ್ತು ಅವರ ಸಂಗಡಿಗರು. ಹಲವು ವರ್ಷಗಳ ಪರಿಶ್ರಮದಿಂದ ಅವರು ರೂಪಿಸಿದ ‘ಟ್ರೂನ್ಯಾಟ್’ ಯಂತ್ರವನ್ನು ಗೋವೆಯ ಮೋಲ್‌ಬಯೊ ಸಂಸ್ಥೆ ಬಳಕೆಗೆ ತಂದಿತು. ಅದು ಬ್ಯಾಟರಿಯಿಂದ ನಡೆಯುತ್ತದೆ. ಪರೀಕ್ಷೆಗೆ ಬೇಕಾದ ರಾಸಾಯನಿಕಗಳನ್ನು ಒಣಗಿಸಿ ಸಿದ್ಧಪಡಿಸಿರುತ್ತಾರೆ. ಒಂದು ಪುಟ್ಟ ಚಿಪ್ಪಿನ ಮೇಲೆ ನಡೆಯುವ ಈ ಪರೀಕ್ಷೆಗೆ ಸುಮಾರು ಒಂದು ಗಂಟೆ ಸಾಕು. ಮೂಲತಃ ಕ್ಷಯರೋಗದ ಪತ್ತೆಗೆ ಹೆಸರಾದ ಈ ಯಂತ್ರವನ್ನು 2020ರ ಏಪ್ರಿಲ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೋವಿಡ್ ಪರೀಕ್ಷೆಗೂ ಒಪ್ಪಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕ್ಷಯ ಪತ್ತೆಗೆ ಶಿಫಾರಸು ಮಾಡಿತು.

ಕ್ಷಯದ ರೋಗಾಣುವಿನಲ್ಲಿ ಡಿಎನ್‌ಎಯೇ ಇರುವುದರಿಂದ ಆರ್‌ಎನ್‌ಎ ನಕಲಿನ ಮೊದಲ ಹೆಜ್ಜೆ ಬೇಕಿಲ್ಲ. ಉಳಿದ ವಿಧಾನ ಒಂದೇ. ರೋಗಾಣು ಕಂಡುಬಂದರೆ, ಅದು ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗುವುದೋ ಇಲ್ಲವೋ ಎಂಬುದನ್ನೂ ಮತ್ತೊಂದು ಚಿಪ್ಪಿನಿಂದ ತಿಳಿಯಬಹುದು.

ಕೋವಿಡ್‌ನ ಭೀತಿ ಇಳಿದಿದೆ. ಕ್ಷಯ ಮಾತ್ರ ನಮ್ಮನ್ನು ಬಿಟ್ಟುಹೋಗಿಲ್ಲ. ಮಗಳ ಮದುವೆಗೆ ತೊಡಕಾದೀತು, ನೆರೆಹೊರೆಯವರು ಆಡಿಕೊಂಡಾರು ಎಂಬ ಅಂಜಿಕೆಯಿಂದ ಕೆಮ್ಮನ್ನು ಮುಚ್ಚಿಡುವ ಮನೆಗಳು ಇಂದಿಗೂ ಉಂಟು. ಎಷ್ಟೇ ಜಾಣ ಯಂತ್ರವಾದರೂ ಮುಚ್ಚಿಟ್ಟ ರೋಗವನ್ನು ಕಾಣಲಾರದು. ತಿಂಗಳುಗಟ್ಟಲೆ ತಡಮಾಡಿದರೆ ಅದೇ ಮನೆಯ ಮಕ್ಕಳಿಗೂ ರೋಗ ತಗಲಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆ ಕಂಡಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸೋಣ. ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಕುಷ್ಠರೋಗಿಯನ್ನು ಕೈನೀಡಿ ಮುಟ್ಟಿದ ಪ್ರಭುವನ್ನು ನಂಬುವ ನಮ್ಮ ಕುಟುಂಬಗಳಲ್ಲಿ ರೋಗಿ ನಾಚಿ ಮರೆಯಾಗುವಂತಾಗಬಾರದು.