ಬೊಕ್ಕ ತಲೆ: ಹಂತ ತಿಳಿಯೋಣ, ಹಣ ಉಳಿಸೋಣ

“ಏನೋ ತಮ್ಮಾ, ಹಣೆ ದೊಡ್ಡದಾಯ್ತಲ್ಲ!”

ನಮ್ಮ ಮಲ್ಲಾಪುರದ ಕಡೆ ಇಂಥ ಮಾತು ಕೇಳಿ ನಗುವವರು ಬಹಳ. ಹೇಳಿದವರಿಗೆ ಅದು ತಮಾಷೆ. ಕೇಳಿಸಿಕೊಂಡ ಹುಡುಗನಿಗೆ ಮಾತ್ರ ರಾತ್ರಿ ನಿದ್ದೆ ಇಲ್ಲ. ಮದುವೆ ಆಗ್ತದೋ ಇಲ್ಲವೋ ಎಂಬ ಚಿಂತೆ. ಮಾರನೇ ದಿನ ಪೇಟೆಗೆ ಹೋಗಿ ಎಣ್ಣೆ ಸೀಸೆ ತರುತ್ತಾನೆ. ಒಂದು ಮುಗಿದರೆ ಇನ್ನೊಂದು. ದುಡಿದ ಹಣ ಹೋಗುತ್ತದೆ. ಕೂದಲು ಮಾತ್ರ ಬರುವುದಿಲ್ಲ.

ಹಾಗಾದರೆ ಗಂಡಸರ ತಲೆ ಬೋಳಾಗುವುದು ಹೇಗೆ? ಬನ್ನಿ, ತಿಳಿಯೋಣ.

ಕೂದಲು ಉದುರುವುದು ಸಹಜ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಒಂದು ಕೂದಲು ಕೆಲವು ವರ್ಷ ಬೆಳೆಯುತ್ತದೆ. ಆಮೇಲೆ ಉದುರುತ್ತದೆ. ಅದೇ ಬೇರಿನಿಂದ ಹೊಸ ಕೂದಲು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರಿದರೆ ಹೆದರಬೇಕಾಗಿಲ್ಲ.

ಕೆಲವು ಗಂಡಸರಲ್ಲಿ ಕೂದಲಿನ ಬೇರು ಬರಬರುತ್ತಾ ಸಣ್ಣದಾಗುತ್ತದೆ. ದಪ್ಪ ಕೂದಲು ಉದುರಿದ ಜಾಗದಲ್ಲಿ ತೆಳು ಕೂದಲು ಬರುತ್ತದೆ. ಕೊನೆಗೆ ಅದೂ ಬರುವುದಿಲ್ಲ. ಇದಕ್ಕೆ ಎರಡು ಕಾರಣ. ಒಂದು, ಗಂಡಸರ ಮೈಯಲ್ಲಿರುವ ಹಾರ್ಮೋನು ಎಂಬ ರಸ. ಇನ್ನೊಂದು, ವಂಶದ ಗುಣ. ಈ ಗುಣ ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಇದು ಅಂಟುರೋಗ ಅಲ್ಲ. ಯಾರ ಶಾಪವೂ ಅಲ್ಲ.

ಏಳು ಹಂತಗಳು

ಅಮೆರಿಕದ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1951ರಲ್ಲಿ ಈ ಹಂತಗಳನ್ನು ಗುರುತಿಸಿದರು. 1975ರಲ್ಲಿ ನಾರ್ವುಡ್ ಎಂಬ ವೈದ್ಯರು ಅದನ್ನು ತಿದ್ದಿ 7 ಹಂತ ಮಾಡಿದರು. ಇಂದಿಗೂ ವೈದ್ಯರು ಇದನ್ನೇ ಬಳಸುತ್ತಾರೆ.

1. ಹಣೆಯ ಮೇಲಿನ ಕೂದಲು ಇದ್ದಲ್ಲೇ ಇರುತ್ತದೆ.
2. ಹಣೆಯ ಎರಡು ಮೂಲೆಗಳಲ್ಲಿ ಕೂದಲು ಸ್ವಲ್ಪ ಹಿಂದೆ ಸರಿಯುತ್ತದೆ. ವಯಸ್ಸಿಗೆ ಬಂದ ಎಷ್ಟೋ ಗಂಡಸರಲ್ಲಿ ಇದು ಸಹಜ.
3. ಮೂಲೆಗಳು ಆಳವಾಗುತ್ತವೆ. ಬೋಳು ಶುರುವಾಗುವುದು ಇಲ್ಲಿಂದ. ಕೆಲವರಿಗೆ ನೆತ್ತಿಯಲ್ಲೂ ತೆಳುವಾಗುತ್ತದೆ.
4. ಮುಂದೆಯೂ ಬೋಳು, ನೆತ್ತಿಯಲ್ಲೂ ಬೋಳು. ನಡುವೆ ಗದ್ದೆಯ ಬದುವಿನಂತೆ ಕೂದಲಿನ ಪಟ್ಟಿ ಉಳಿಯುತ್ತದೆ.
5. ಆ ಪಟ್ಟಿ ಸಪೂರವಾಗುತ್ತದೆ.
6. ಪಟ್ಟಿ ಹೋಗಿ ಎರಡು ಬೋಳೂ ಸೇರಿ ಒಂದಾಗುತ್ತವೆ.
7. ಕಿವಿಗಳ ಮೇಲೆ ಮತ್ತು ತಲೆಯ ಹಿಂದೆ ಮಾತ್ರ ಕೂದಲು. ನೋಡಲು ಕುದುರೆ ಲಾಳದ ಆಕಾರ.

ಎಲ್ಲರೂ 7ನೇ ಹಂತ ಮುಟ್ಟುವುದಿಲ್ಲ. ಕೆಲವರು 3ರಲ್ಲೇ ನಿಲ್ಲುತ್ತಾರೆ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ವರ್ಷಗಳೇ ಬೇಕಾಗಬಹುದು.

ಇದು ನಿಜವೇ?

“ಹೆಲ್ಮೆಟ್ ಹಾಕಿ ಹಾಕಿ ಬೋಳಾಯ್ತು” ಅನ್ನುತ್ತಾರೆ. ಇದು ನಿಜವಲ್ಲ. ಕೈಗಾದಲ್ಲಿ ಕೆಲಸ ಮಾಡುವವರಾಗಲಿ, ಬೈಕ್ ಓಡಿಸುವವರಾಗಲಿ ಹೆಲ್ಮೆಟ್ ಬಿಡಬಾರದು. ಕೂದಲಿಗಿಂತ ತಲೆ ದೊಡ್ಡದು.

“ತಲೆ ಬೋಳಿಸಿದರೆ ದಪ್ಪ ಕೂದಲು ಬರ್ತದೆ” ಅನ್ನುತ್ತಾರೆ. ಇದೂ ನಿಜವಲ್ಲ. ಬ್ಲೇಡು ಬೇರಿನವರೆಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲು ನಯವಾಗುತ್ತದೆ. ಆದರೆ ಬೋಳಾದ ಜಾಗದಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ.

ಮದ್ದು ಇದೆಯೇ?

ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಉದುರುವುದನ್ನು ತಡೆಯಲು ಮಿನಾಕ್ಸಿಡಿಲ್ ಎಂಬ ಹಚ್ಚುವ ಮದ್ದು ಮತ್ತು ಫಿನಾಸ್ಟರೈಡ್ ಎಂಬ ಮಾತ್ರೆ ಇವೆ. ಮೊದಲ ಹಂತಗಳಲ್ಲಿ ಇವುಗಳಿಂದ ಹೆಚ್ಚು ಉಪಯೋಗ. ಫಲ ಕಾಣಲು ತಿಂಗಳುಗಟ್ಟಲೆ ಬೇಕು. ಬಿಟ್ಟರೆ ಮತ್ತೆ ಉದುರುತ್ತದೆ. ಇವುಗಳಿಂದ ಕೆಲವರಿಗೆ ತೊಂದರೆಯೂ ಆಗುತ್ತದೆ. ಆದ್ದರಿಂದ ಚರ್ಮ ವೈದ್ಯರನ್ನು ಕೇಳದೆ ಬಳಸಬಾರದು.

ಉದುರುವ ರೀತಿ ಬೇರೆಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಣ್ಯದ ಹಾಗೆ ದುಂಡಗೆ ಕೂದಲು ಹೋಗುವುದು, ತಲೆಯಲ್ಲಿ ತುರಿಕೆ, ಹೊಟ್ಟು, ಕೀವು, ಇದ್ದಕ್ಕಿದ್ದಂತೆ ಹಿಡಿಹಿಡಿಯಾಗಿ ಉದುರುವುದು, ಇವು ಬೇರೆ ಕಾಯಿಲೆಯ ಗುರುತು. ಜೋರು ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೂ ಹೀಗೆ ಉದುರಬಹುದು. ಅದು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಚೀಟಿ ಓದೋಣ

ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ‘ಜೆ’ ಎಂಬ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎಂದು ಔಷಧದ ಮೇಲೆ ಹೇಳಿಕೊಳ್ಳುವಂತಿಲ್ಲ. ಬೋಳು ತಲೆ ಆ ಪಟ್ಟಿಯಲ್ಲಿದೆ. “ಒಂದೇ ತಿಂಗಳಲ್ಲಿ ಕೂದಲು ಗ್ಯಾರಂಟಿ” ಎಂದು ಬರೆದ ಸೀಸೆ ಕಂಡರೆ ಇದನ್ನು ನೆನಪಿಡಿ. ಓದಲು ಕಲಿತ ನಮ್ಮನ್ನು ಮೋಸ ಮಾಡುವುದು ಸುಲಭವಲ್ಲ.

2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಎಂಬ ಕನ್ನಡ ಸಿನಿಮಾ ಬಂತು. ಅದರ ನಾಯಕ ಬೊಕ್ಕ ತಲೆಯ ಕನ್ನಡ ಮೇಷ್ಟ್ರು. ಹೆಣ್ಣು ಸಿಗದೆ ಅವನು ಪಡುವ ಪಾಡೇ ಕಥೆ. ಜನ ಅದನ್ನು ಮೆಚ್ಚಿ ನೋಡಿದರು. ನಮ್ಮೂರಲ್ಲೂ ಅಂಥ ಹುಡುಗರಿದ್ದಾರೆ. ಅವರ ತಲೆ ನೋಡಿ ನಗುವುದು ಬೇಡ. ಹೆಣ್ಣು ಕೊಡುವವರು ಗಂಡಿನ ಗುಣ ನೋಡಲಿ, ದುಡಿಮೆ ನೋಡಲಿ.

ಚರ್ಚಿಸಿ

1. ನಿಮ್ಮ ಮನೆಯ ಹಿರಿಯರದು ಎಷ್ಟನೇ ಹಂತ?
2. ಕೂದಲಿನ ಎಣ್ಣೆಗೆ ನಿಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಹಣ ಖರ್ಚಾಗುತ್ತದೆ? ಲೆಕ್ಕ ಬರೆಯಿರಿ.