ಕಡೂರು ಸೀಮೆಯ ಊದುವಾದ್ಯಗಳೂ ಚರ್ಮವಾದ್ಯಗಳೂ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಕಡೂರು, ಬೀರೂರು, ಅಜ್ಜಂಪುರಗಳ ಪರಿಚಯ ಕಿಟಕಿಯಿಂದ ಆಗುತ್ತದೆ. ತೆಂಗಿನ ತೋಟ, ರಾಗಿಯ ಹೊಲ, ನಡುನಡುವೆ ಅಮೃತಮಹಲ್ ದನಗಳ ಕಾವಲು, ದೂರದಲ್ಲಿ ಬಾಬಾಬುಡನ್ ಗಿರಿಗಳ ನೀಲಿಯ ಸಾಲು, ಕಾಣುವುದು ಇಷ್ಟೇ. ಈ ಸೀಮೆಯನ್ನು ನಿಜವಾಗಿ ತಿಳಿಯಬೇಕಾದರೆ ಕಣ್ಣಿಗಿಂತ ಕಿವಿಯೇ ಹೆಚ್ಚು ಸಹಾಯಕವೆಂದು ನಮ್ಮ ಅಭಿಪ್ರಾಯ. ಶ್ರಾವಣವು ಬಂದಿತೆಂದು ಇಲ್ಲಿಯವರಿಗೆ ವೀರಗಾಸೆಯ ಸಂಬಾಳವೇ ಸಾರಿಹೇಳುತ್ತದೆ. ಬೀರಪ್ಪನ ಗುಡಿಯ ಮುಂದೆ ಹಬ್ಬವಾಗುತ್ತಿದೆಯೆಂಬುದನ್ನು ಡೊಳ್ಳಿನ ಧ್ವನಿ ಮೂರು ಹಳ್ಳಿಗಳಾಚೆಗೆ ಮುಟ್ಟಿಸುತ್ತದೆ. ಈ ಧ್ವನಿಗಳು ಹೇಗೆ ಹುಟ್ಟುತ್ತವೆ, ಅವುಗಳ ಹಿಂದಿನ ಕಥೆಯೇನು, ಮುಂದಿನ ಗತಿಯೇನು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದು ಭರತನ ನಾಟ್ಯಶಾಸ್ತ್ರ. ತಂತಿಯದು ತತ, ರಂಧ್ರವುಳ್ಳದ್ದು ಸುಷಿರ, ಚರ್ಮವನ್ನು ಬಿಗಿದದ್ದು ಅವನದ್ಧ, ತಾಳ ಜಾಗಟೆಗಳಂತೆ ಗಟ್ಟಿಯಾದದ್ದು ಘನ. ಇವುಗಳಲ್ಲಿ ಸುಷಿರವಾದ್ಯದ ತತ್ತ್ವವು ಬಹು ಸರಳ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದ ಮಕ್ಕಳೆಲ್ಲರಿಗೂ ಅದು ಗೊತ್ತು. ತುಟಿಯಿಂದ ಹೊರಟ ಗಾಳಿಯ ಎಳೆಯು ರಂಧ್ರದ ಅಂಚಿಗೆ ತಾಗಿ, ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ತೊನೆಯುತ್ತದೆ. ಒಳಗಿರುವ ಗಾಳಿ ಅದಕ್ಕೆ ಅನುಗುಣವಾಗಿ ಕಂಪಿಸುತ್ತದೆ. ಎರಡು ತುದಿಯೂ ತೆರೆದಿರುವ ಒಂದು ಅಡಿ ಉದ್ದದ ನಳಿಕೆಯಲ್ಲಿ ಸೆಕೆಂಡಿಗೆ ಸುಮಾರು 560 ಕಂಪನಗಳಾಗುತ್ತವೆ. ಎರಡು ಅಡಿಯ ನಳಿಕೆಯಲ್ಲಿ ಅವು ಅರ್ಧವಾಗಿ, ಸ್ವರವು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಬಿದಿರಿಗೆ ತೂತು ಕೊರೆದು ಬೆರಳಿನಿಂದ ಮುಚ್ಚಿ ತೆರೆಯುವುದೆಂದರೆ ನಳಿಕೆಯ ಉದ್ದವನ್ನು ಕ್ಷಣಕ್ಷಣಕ್ಕೂ ಬದಲಾಯಿಸುವುದು, ಬೇರೇನೂ ಅಲ್ಲ.

ಐರೋಪ್ಯರಲ್ಲಿ ರೆಕಾರ್ಡರ್ ಎಂಬ ಕೊಳಲೊಂದುಂಟು. ಶ್ರೋತೃಗಳು ಇದನ್ನು ಧ್ವನಿಮುದ್ರಣದ ಯಂತ್ರವೆಂದು ಭಾವಿಸಬಾರದು. ಹಕ್ಕಿಯು ಹಾಡನ್ನು ಮತ್ತೆ ಮತ್ತೆ ಅಭ್ಯಾಸಮಾಡುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಸಲ್ಲುತ್ತಿದ್ದ ಮಾತಿಗೂ ಈ ಹೆಸರಿಗೂ ಸಂಬಂಧವಿದೆ. ಮುಂದೆ ಇಂಗ್ಲೆಂಡಿನ ದೊರೆಯಾದ ನಾಲ್ಕನೆಯ ಹೆನ್ರಿಯ ಮನೆಯ ಲೆಕ್ಕದಲ್ಲಿ 1388ರಷ್ಟು ಹಿಂದೆಯೇ ಈ ಹೆಸರಿನ ಕೊಳಲೊಂದು ಕಾಣಿಸುತ್ತದೆ. ಇದನ್ನು ನೇರವಾಗಿ ಹಿಡಿದು ತುದಿಯಿಂದ ಊದಬೇಕು. ಬಾಯಿಯ ಬಳಿ ಮರದ ಬಿರಡೆಯೊಂದನ್ನು ಸೇರಿಸಿ, ಅದರ ಮೇಲೆ ಗಾಳಿ ಹೋಗುವುದಕ್ಕೆ ಇಕ್ಕಟ್ಟಾದ ಓಣಿಯನ್ನು ಬಿಟ್ಟಿರುತ್ತಾರೆ. ಓಣಿಯು ಗಾಳಿಯನ್ನು ತಾನಾಗಿಯೇ ಅಂಚಿಗೆ ಒಯ್ಯುವುದರಿಂದ ಮೊದಲನೆಯ ದಿನವೇ ಮಗುವೂ ಧ್ವನಿಯನ್ನು ಹೊರಡಿಸಬಲ್ಲದು. ನಮ್ಮ ಜಾತ್ರೆಗಳಲ್ಲಿ ಮಕ್ಕಳಿಗೆ ಮಾರುವ ಪೀಪಿಗಳಲ್ಲಿಯೂ ಕೆಲವು ಇದೇ ಬಿರಡೆಯ ಜಾತಿಗೆ ಸೇರಿದವು.

ಆದರೆ ಸುಲಭವಾದುದಕ್ಕೆ ತಕ್ಕ ಬೆಲೆಯನ್ನು ತೆರಬೇಕಾಗುತ್ತದೆ. ರೆಕಾರ್ಡರಿನಲ್ಲಿ ಗಾಳಿಯ ದಾರಿ ಮೊದಲೇ ಗೊತ್ತಾಗಿರುವುದರಿಂದ ತುಟಿಗೆ ಕೆಲಸವಿಲ್ಲ. ಜೋರಾಗಿ ಊದಿದರೆ ಸ್ವರ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ನಮ್ಮ ಅಡ್ಡಕೊಳಲಿನಲ್ಲಾದರೋ ತುಟಿಯು ಸ್ವತಂತ್ರ. ಕೊಳಲನ್ನು ಕೂದಲೆಳೆಯಷ್ಟು ಹೊರಳಿಸಿ, ತೂತನ್ನು ಅರೆಬೆರಳಿನಿಂದ ತೆರೆದು, ಸ್ವರದಿಂದ ಸ್ವರಕ್ಕೆ ಜಾರಬಹುದು. ಗಮಕವೇ ಪ್ರಾಣವಾಗಿರುವ ನಮ್ಮ ಸಂಗೀತಕ್ಕೆ ಅಡ್ಡಕೊಳಲು ಒಗ್ಗಿದ್ದು ಇದರಿಂದಲೇ. ಹಳೇಬೀಡಿನ ಗೋಡೆಯ ವೇಣುಗೋಪಾಲನೂ ಕೊಳಲನ್ನು ಅಡ್ಡಲಾಗಿಯೇ ಹಿಡಿದಿದ್ದಾನೆ. ಆ ಗೋಪಾಲನ ಕಥೆ ನಮ್ಮ ಸೀಮೆಗೂ ಹೊಸದಲ್ಲ: ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮಂಟಪದಲ್ಲಿ, 25 ಫಲಕಗಳು ಕೃಷ್ಣಚರಿತ್ರೆಗೇ ಮೀಸಲಾಗಿವೆ. ಕಲ್ಲಿನಲ್ಲಿ ಇಷ್ಟು ಮನ್ನಣೆ ಪಡೆದ ಕೊಳಲು ದಕ್ಷಿಣದ ಕಛೇರಿಯ ವೇದಿಕೆಯನ್ನೇರಿದ್ದು ಮಾತ್ರ ಬಹಳ ತಡವಾಗಿ, ಕುಂಭಕೋಣದ ಶರಭಶಾಸ್ತ್ರಿಗಳಿಂದ. ಅವರ ಕಾಲ 1872ರಿಂದ 1904. ಅವರು ಅಂಧರಾಗಿದ್ದರು.

ವೇದಿಕೆಯನ್ನು ಏರದೆಯೇ ಉಳಿದ ಕೊಳಲೂ ಒಂದುಂಟು. ನಮ್ಮ ಸೀಮೆಯ ಪೂರ್ವಕ್ಕೆ ಚಿತ್ರದುರ್ಗ ತುಮಕೂರುಗಳ ಕಡೆ ನೆಲಸಿರುವ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಾವ್ಯವನ್ನು ಹಾಡುವಾಗ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತಾರೆ. ಅದರ ಧ್ವನಿ ತಗ್ಗಿನದು, ಉಸಿರು ಬೆರೆತದ್ದು. ಅದು ಕೇಳುವವರನ್ನು ರಂಜಿಸುವುದಕ್ಕಾಗಿ ಹುಟ್ಟಿದ ವಾದ್ಯವಲ್ಲ. ಕಥೆಯೂ ದನಗಳೂ ದೈವವೂ ಒಂದೇ ಆಗಿರುವ ಬಾಳಿಗೆ ಸೇರಿದ್ದು.

ಇನ್ನು ವೀರಗಾಸೆಯ ಮೇಳಕ್ಕೆ ಬರೋಣ. ದಕ್ಷಯಜ್ಞದ ವೀರಭದ್ರನ ಆವೇಶವನ್ನು ಕುಣಿದು ತೋರಿಸುವ ಈ ಕಲೆಗೆ ಕಡೂರು ಬೀರೂರುಗಳು ಹೆಸರಾದವು. ಇಲ್ಲಿ ಊದುವವನ ಕೈಯಲ್ಲಿರುವುದು ಕೊಳಲಲ್ಲ. ಮೌರಿ ಅಥವಾ ಮುಖವೀಣೆ. ಅದರ ಬಾಯಿಗೆ ಎರಡು ತೆಳುವಾದ ಓಲೆಗಳನ್ನು ಜೋಡಿಸಿ ಕಟ್ಟಿರುತ್ತಾರೆ. ಉಸಿರು ನುಗ್ಗಿದಾಗ ಓಲೆಗಳು ಒಂದನ್ನೊಂದು ಬಡಿದು, ಗಾಳಿಯನ್ನು ತುಂಡುತುಂಡಾಗಿ ಒಳಗೆ ಬಿಡುತ್ತವೆ. ಕೊಳಲಿನ ಧ್ವನಿ ಮೃದುವಾಗಿಯೂ ಮೌರಿಯದು ಹರಿತವಾಗಿಯೂ ಇರುವುದಕ್ಕೆ ಇದೇ ಕಾರಣ. ಡಮರುಗಳ ನಡುವೆಯೂ ಅದು ಕೇಳಿಸುತ್ತದೆ. ನುರಿತವನು ಕೆನ್ನೆಯಲ್ಲಿ ಗಾಳಿಯನ್ನು ತುಂಬಿಕೊಂಡು, ಮೂಗಿನಿಂದ ಉಸಿರನ್ನೆಳೆಯುತ್ತಲೇ ಕೆನ್ನೆಯ ಗಾಳಿಯನ್ನು ಒತ್ತುತ್ತಾನೆ. ನಾದವು ಗಳಿಗೆಯವರೆಗೂ ಕಡಿಯುವುದಿಲ್ಲ. ಜೊತೆಗೆ ಸೊಂಟಕ್ಕೆ ಕಟ್ಟಿದ ಜೋಡಿ ಸಂಬಾಳ: ಒಂದರ ದನಿ ಎತ್ತರ, ಇನ್ನೊಂದರದು ತಗ್ಗು. ಇವೆರಡರ ಸಂವಾದದ ಮೇಲೆಯೇ ಕುಣಿಯುವವನ ಹೆಜ್ಜೆ ನಿಲ್ಲುತ್ತದೆ.

ಡೊಳ್ಳಿನ ಕಥೆ ಬೇರೆ. ಶಿವನು ಡೊಳ್ಳಾಸುರನೆಂಬ ರಕ್ಕಸನನ್ನು ಕೊಂದು ಅವನ ಚರ್ಮದಿಂದ ವಾದ್ಯವನ್ನು ಮಾಡಿದನೆಂದು ಜನ ಹೇಳುತ್ತಾರೆ. ಮರದ ದಪ್ಪ ಹೊಟ್ಟೆಗೆ ಎರಡು ಕಡೆಯೂ ಚರ್ಮವನ್ನು ಬಿಗಿದು, ಒಂದು ಕಡೆ ಕೋಲಿನಿಂದಲೂ ಇನ್ನೊಂದು ಕಡೆ ಕೈಯಿಂದಲೂ ಬಾರಿಸುತ್ತಾರೆ. ಹಾಲುಮತದ ಕುರುಬರಿಗೆ ಇದು ಬೀರಪ್ಪನ ಪೂಜೆಯ ಅಂಗ. ತಮಟೆಯಾದರೋ ಒಂದೇ ಮುಖದ ವಾದ್ಯ. ಅಜ್ಜಂಪುರದ ಕಡೆ ಒಮ್ಮೆ ರಸ್ತೆಯ ಪಕ್ಕದಲ್ಲಿ ಸೋಗೆಯ ಬೆಂಕಿಯ ಮುಂದೆ ತಮಟೆಯನ್ನು ಕಾಯಿಸುತ್ತಿದ್ದವರನ್ನು ನಾವು ನಿಂತು ನೋಡಿದೆವು. ಚರ್ಮದಲ್ಲಿರುವ ತೇವ ಆರಿದರೆ ಅದು ಬಿಗಿಯಾಗಿ ಸ್ವರ ಏರುತ್ತದೆಂದು ಭೌತಶಾಸ್ತ್ರ ಹೇಳಬಲ್ಲದು. ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಕೇಳಿದಾಗ ಅವರಲ್ಲಿ ಹಿರಿಯರು ಬೆರಳಿನಿಂದ ಚರ್ಮವನ್ನೊಮ್ಮೆ ಮೀಟಿ ನಕ್ಕರು. ಉತ್ತರವು ಆ ಬೆರಳಿನಲ್ಲಿತ್ತು, ಮಾತಿನಲ್ಲಿರಲಿಲ್ಲ.

ಈ ಬೆರಳಿನ ವಿದ್ಯೆಯ ಗತಿಯೇನು? ಇದಕ್ಕೆ ರೆಕಾರ್ಡರಿನ ಚರಿತ್ರೆಯನ್ನೇ ಮತ್ತೊಮ್ಮೆ ನೋಡಬೇಕು. ಬಾಖನು 1721ರಲ್ಲಿ ಅರ್ಪಿಸಿದ ಬ್ರಾಂಡೆನ್‌ಬರ್ಗ್ ಕೃತಿಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದ್ದಿತು. ಅದೇ ಶತಮಾನ ಮುಗಿಯುವುದರೊಳಗೆ, ದೊಡ್ಡ ಸಭಾಂಗಣಗಳಲ್ಲಿ ಅದರ ಸಣ್ಣ ದನಿ ನಿಲ್ಲಲಾರದೆ, ಬಹುಮಟ್ಟಿಗೆ ಮೌನವಾಯಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಆರ್ನಲ್ಡ್ ಡಾಲ್ಮೆಚ್ ಎಂಬಾತನು ಹಳೆಯ ರೆಕಾರ್ಡರೊಂದನ್ನು ಕೊಂಡು ನುಡಿಸತೊಡಗಿದನು. 1919ರಲ್ಲಿ ಲಂಡನ್ನಿನ ವಾಟರ್ಲೂ ರೈಲ್ವೆ ನಿಲ್ದಾಣದಲ್ಲಿ ಅದು ಕಳೆದುಹೋಯಿತು. ತಾನು ತೆಗೆದಿಟ್ಟಿದ್ದ ಅಳತೆಗಳಿಂದ ಆತನು ಹೊಸದೊಂದನ್ನು ಮಾಡಿದನು. ಅಲ್ಲಿಂದ ಅದು ಸಾವಿರಾರು ಶಾಲೆಗಳಿಗೆ ಹರಡಿತು. ಇದು ಸಾಧ್ಯವಾದದ್ದು ವಸ್ತುವು ಉಳಿದಿದ್ದುದರಿಂದ, ಮತ್ತು ಅದನ್ನು ನುಡಿಸುವ ಕ್ರಮವನ್ನು ಬರೆದಿಟ್ಟಿದ್ದುದರಿಂದ. ವೆನಿಸ್ಸಿನ ಗನಾಸಿಯು 1535ರಷ್ಟು ಹಿಂದೆಯೇ ಅದರ ವಿಷಯವಾಗಿ ಗ್ರಂಥವೊಂದನ್ನು ಅಚ್ಚುಹಾಕಿಸಿದ್ದನು.

ನಮ್ಮ ಸಂಬಾಳಕ್ಕೂ ಮೌರಿಗೂ ಅಂತಹ ಗ್ರಂಥವೆಲ್ಲಿ? ವಸ್ತುಗಳನ್ನೇನೋ ಕೂಡಿಟ್ಟಿದ್ದೇವೆ. ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಇವು ನಮ್ಮ ಕೃತಜ್ಞತೆಗೆ ಪಾತ್ರವಾದವು. ಧ್ವನಿಯನ್ನು ಯಂತ್ರವೂ ಹಿಡಿದಿಡಬಲ್ಲದು. ಆದರೆ ಗಾಜಿನ ಪೆಟ್ಟಿಗೆಯಲ್ಲಿರುವ ತಮಟೆ ಬೆಂಕಿಯನ್ನು ಕಾಣದು. ಮುದ್ರಿಸಿದ ಧ್ವನಿ ಕೆನ್ನೆಯಲ್ಲಿ ಉಸಿರು ಹಿಡಿಯುವುದನ್ನು ಕಲಿಸದು. ಒಂದು ತಲೆಮಾರು ಕಲಿಯದೆ ಹೋದರೆ, ಅಳತೆಯ ಪಟ್ಟಿಯಿಂದ ಅದನ್ನು ಮರಳಿ ಪಡೆಯುವ ಡಾಲ್ಮೆಚ್ ನಮಗೆ ದೊರೆಯಲಾರನು.

ಇಷ್ಟು ಹೇಳಿ ಸುಮ್ಮನಾದರೆ ನಾವು ಅರ್ಧ ಸತ್ಯವನ್ನು ಹೇಳಿದಂತಾದೀತು. ಈ ವಾದ್ಯಗಳನ್ನು ನುಡಿಸುವವರೆಲ್ಲರೂ ಸಂತೋಷದಿಂದ ನುಡಿಸಿದವರಲ್ಲ. ಬಿದಿರು ಮಡಿಯೆಂದು ಒಳಕ್ಕೆ ಬಂದಿತು. ಚರ್ಮವು ಮೈಲಿಗೆಯೆಂದು ಬಾಗಿಲಾಚೆ ನಿಂತಿತು, ಅದನ್ನು ಬಾರಿಸುವವನೂ ನಿಂತನು. ಸಾವಿನ ಮನೆಯ ಮುಂದೆ ತಮಟೆ ಬಡಿಯುವುದು ಕಲೆಯಾಗಿರಲಿಲ್ಲ, ಹೇರಿದ ಚಾಕರಿಯಾಗಿದ್ದಿತು. ಕಳೆದ ಶತಮಾನದ 70ರ ದಶಕದಿಂದ ಈಚೆಗೆ ಎಷ್ಟೋ ಊರುಗಳಲ್ಲಿ ದಲಿತ ತರುಣರು ಆ ಚಾಕರಿಯನ್ನು ಒಲ್ಲೆವೆಂದರು. ಅವರು ಮಾಡಿದ್ದು ನ್ಯಾಯವೇ ಸರಿ. ನಮ್ಮ ಕಿವಿಯ ಸುಖಕ್ಕಾಗಿ ಅವರು ಅದರಲ್ಲಿಯೇ ಉಳಿಯಬೇಕಾಗಿತ್ತೆಂದು ಹಲುಬುವ ಅಧಿಕಾರ ಪೇಟೆಯಲ್ಲಿ ಕುಳಿತ ನಮಗೆ ಇಲ್ಲ. ವಿದ್ಯೆ ಉಳಿಯಬೇಕು, ಚಾಕರಿ ಅಳಿಯಬೇಕು. ಇವೆರಡನ್ನೂ ಬಿಡಿಸುವುದೇ ನಮ್ಮ ಮುಂದಿರುವ ಕೆಲಸ.

ಅದು ಆಗದ ಕೆಲಸವೇನೂ ಅಲ್ಲ. ಒಂದೇ ಕುಲದ ಸೇವೆಯಾಗಿದ್ದ ಡೊಳ್ಳನ್ನು ಇಂದು ಶಾಲೆಯ ಮಕ್ಕಳು ಎತ್ತಿಕೊಳ್ಳುತ್ತಿದ್ದಾರೆ. ಹೆಣ್ಣುಮಕ್ಕಳ ಮೇಳಗಳೂ ಎದ್ದಿವೆ. ಮನಸ್ಸಿನಿಂದ ಆರಿಸಿಕೊಂಡ ಕೈಗೆ ಅದೇ ವಾದ್ಯ ಬೇರೆಯಾಗಿ ಒಲಿಯುತ್ತದೆ. ನಮ್ಮ ಪಾಲಿನದು ಸಣ್ಣದು. ಮೆರವಣಿಗೆಗೆ ಮೇಳವನ್ನು ಕರೆಸಿದಾಗ, ಗಾಯಕರಿಗೆ ಕೊಡುವ ಸಂಭಾವನೆಯನ್ನೇ ಇವರಿಗೂ ಕೊಡೋಣ. ಅವರ ಹೆಸರನ್ನು ಆಹ್ವಾನಪತ್ರಿಕೆಯಲ್ಲಿ ಅಚ್ಚುಹಾಕಿಸೋಣ. ಉಣ್ಣುವ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕೂರಿಸಿಕೊಳ್ಳೋಣ. ಮುಂದಿನ ಶ್ರಾವಣದಲ್ಲಿ ಬಿಡುವಾದರೆ ಬೀರೂರಿನಲ್ಲಿ ರೈಲಿನಿಂದ ಇಳಿದು, ಸಂಬಾಳದ ದನಿ ಬಂದ ಕಡೆಗೆ ನಡೆದು ನೋಡಬಹುದು.